ಸಾಂಜಾಂವ್ ಮೆರವಣಿಗೆ: ಪ್ಲಾಸ್ಟಿಕ್ ಕೊಪೆಲ್ ನಡೆಯುತ್ತಾ? ಬಾವಿಗೆ ಹಾರಲೇಬೇಕಾ?

ಕುಂದಾನಗರಿ: ಜೂನ್ 24ಕ್ಕೆ ಗೋವಾದ ಸಾಂಜಾಂವ್, ಅಂದ್ರೆ ಸಂತ ಸ್ನಾನಿಕ ಯೊವಾನ್ನರ ಹಬ್ಬಕ್ಕೆ ಬೆಳಗಾವಿಯಿಂದ ಹದಿನೈದು ಜನ ಹೊರಟೀವಿ. ಬಾರ್ದೇಶ್ ತಾಲೂಕಿನ ಒಂದು ವಾಡ್ಯಾದವರು, ಅಂದ್ರ ಕೇರಿಯವರು, ಮೆರವಣಿಗಿಗೆ ಕರೆದಾರ. ತಲೆಗೆ ಹಾಕೋ ಕೊಪೆಲ್ ಪ್ಲಾಸ್ಟಿಕ್ ಹೂವಿಂದು ಆನ್‌ಲೈನ್‌ನ್ಯಾಗ ಸಿಗತೈತಿ, ತರಿಸಬೇಕೇನು? ಬಾವಿಗೆ ಹಾರೋದು ಕಡ್ಡಾಯ ಏನು?

ಕಾಳಿಸಂಗಮ: ಪ್ಲಾಸ್ಟಿಕ್ ತರಿಸಬೇಡಿ. ಅದರೊಳಗೆ ತಂತಿ ಇರ್ತದೆ. ಹಾರಿದಾಗ ನೀರಿನ ಹೊಡೆತಕ್ಕೆ ಹಣೆ ಗೀರ್ತದೆ, ಬಣ್ಣ ಬಾವಿಗೆ ಬಿಡ್ತದೆ. ಕುಡಿಯುವ ನೀರಿನ ಬಾವಿ ಅದು, ಮನೆಯವರು ಸುಮ್ಮನಿರ್ತಾರಾ? ನಿಜವಾದ ಕೊಪೆಲ್ ಕಟ್ಟೋದು ಕಷ್ಟವಲ್ಲ. ಕಿರುಬೆರಳು ದಪ್ಪದ ಹಸಿ ಬಳ್ಳಿಯನ್ನು ತಲೆಗೆ ಸುತ್ತಿ ಅಳತೆ ತಗೊಳ್ಳಿ, ಎರಡು ಬೆರಳು ಸಡಿಲ ಇರಲಿ. ಅದೇ ಬಳ್ಳಿಯನ್ನು ಮೂರು ಸುತ್ತು ಹೆಣೆದು ತುದಿಯನ್ನು ಒಳಗೆ ಸಿಕ್ಕಿಸಿ. ಆಮೇಲೆ ಕ್ರೋಟನ್, ಜರಿಗಿಡದ ಎಲೆ ಹಾಕಿ ನೆನೆಸಿದ ಬಾಳೆನಾರಿನಲ್ಲಿ ಬಿಗಿಯಿರಿ. ಹೂವು ಕೊನೆಗೆ. ಒಣ ನಾರು ಕಟ್ಟಿದರೆ ಪಟಕ್ಕಂತ ತುಂಡಾಗ್ತದೆ, ಹೆಚ್ಚಿನವರು ಎಡವುವುದು ಅಲ್ಲೇ.

ಗಾಂಧಿಬಜಾರ್: ಹದಿನೈದು ಕೊಪೆಲ್ ಕಟ್ಟೋಕೆ ಅರ್ಧ ದಿನ ಬೇಕು ಸರ್. ದಾಸವಾಳ, ಅಬ್ಬಲಿಗೆ ಮಧ್ಯಾಹ್ನದೊಳಗೆ ಬಾಡಿಹೋಗುತ್ತೆ. ರಸ್ತೆಯಲ್ಲಿ ಕುಣಿಯುವಾಗ ಪ್ಲಾಸ್ಟಿಕ್ ಹಾಕಿ, ಬಾವಿ ಹತ್ತಿರ ತೆಗೆದಿಟ್ಟರಾಯ್ತು. ಬೇರೆ ವೇಷಗಳೆಲ್ಲ ಬಾಡಿಗೆಯವೇ ಇರುತ್ತವಲ್ಲ?

ಕಾಳಿಸಂಗಮ: ವೇಷದ ಮಾತು ಬೇರೆ. ಕೊಪೆಲ್ ತೆಗೆದಿಟ್ಟು ಹಾರಿದರೆ ಅದು ಬರೀ ಈಜು. ಬಾಡುವುದಕ್ಕೆ ಚೆಂಡುಹೂ ಹಾಕಿ, ಮಳೆಯಲ್ಲೂ ತಡೀತದೆ. ಹಿಂದಿನ ಸಂಜೆ ಕಟ್ಟಿ ಒದ್ದೆ ಗೋಣಿಯಲ್ಲಿ ಸುತ್ತಿಡಿ. ಮಾವಿನ ಸೊಪ್ಪು ತಂದರೆ ಮೊದಲು ಬಕೆಟ್ ನೀರಿನಲ್ಲಿ ಮುಳುಗಿಸಿ ಕೊಡವಿ, ಚಗಳಿ ಇರುವೆ ತಲೆಗೇರಿದರೆ ಬಾವಿ ತನಕ ಹೋಗುವ ಅಗತ್ಯವೇ ಬೀಳಲ್ಲ, ದಾರಿಯಲ್ಲೇ ಹಾರ್ತೀರಿ! ಕಣಗಿಲೆ ಬೇಡ, ವಿಷದ ಗಿಡ. ಮಳೆಗಾಲದಲ್ಲಿ ಬೇಲಿ ಮೇಲೆ ಚೆಂದ ಕಾಣುವ ಅಗ್ನಿಶಿಖೆಯೂ ಬೇಡ.

ಬಾವಿಕಟ್ಟೆ: ಹಾರೋದು ಕಡ್ಡಾಯ ಅಲ್ಲ ಮಾರಾಯ್ರೇ. ಯೇಸುವಿನ ತಾಯಿ ಮರಿಯಮ್ಮ ಗರ್ಭಿಣಿಯಾಗಿ ಮನೆಗೆ ಬಂದಾಗ ಎಲಿಜಬೇತಳ ಹೊಟ್ಟೆಯೊಳಗಿದ್ದ ಯೊವಾನ್ನ ನಲಿದಾಡಿದ ಅಂತ ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಬರ್ತದೆ, ಈ ಹಾರಾಟ ಅದರ ನೆನಪಿಗೆ. ಮದುವೆಯಾಗಿ ಮೊದಲ ವರ್ಷದ ಅಳಿಯನಿಗೆ ಮಾತ್ರ ತಪ್ಪಿಸಿಕೊಳ್ಳಲು ಕಷ್ಟ. ಅತ್ತೆಮನೆಯಲ್ಲಿ ಅವನದ್ದೇ ಹಬ್ಬ. ಉಳಿದವರು ಕಟ್ಟೆ ಮೇಲೆ ನಿಂತು "ವಿವಾ ಸಾಂಜಾಂವ್" ಅಂದರೂ ಸಾಕು.

ಹಾರುವುದೇ ಆದರೆ ಕೇಳಿ. ಮುಂಗಾರು ತಡವಾದ ವರ್ಷ ಜೂನ್ 24ಕ್ಕೆ ಬಾವಿ ತುಂಬಿರುವುದಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆಯಿರಿ. ಮೂರು ಮೀಟರ್ ನೀರಿಲ್ಲದಿದ್ದರೆ ಬೇಡ. ಪಂಪಿನ ಪೈಪು ಯಾವ ಮಗ್ಗುಲಿಗಿದೆ ನೋಡಿ, ಮೋಟಾರಿನ ಮೇನ್ ಸ್ವಿಚ್ಚೇ ತೆಗೆಸಿ. ಕಾಲು ಮೊದಲು, ಒಬ್ಬೊಬ್ಬರೇ. ಮೊದಲಿನವರು ಹಗ್ಗ ಹಿಡಿದು ಬದಿಗೆ ಸರಿದ ಮೇಲೇ ಮುಂದಿನವರು. ತಲೆಕೆಳಗಾಗಿ ಹಾರುವವರ ಕುತ್ತಿಗೆ ಹೋಗ್ತದೆ.

ಗಾಂಧಿಬಜಾರ್: ಕುಡಿದು ಹಾರೋದನ್ನ ಯಾಕೆ ಹೇಳಲಿಲ್ಲ? ಮನೆಮನೆಯಲ್ಲೂ ಫೆನಿ ಕೊಡ್ತಾರೆ. ಐದನೇ ಮನೆಗೆ ಬರುವಾಗ ಅಳತೆಯ ಕಲ್ಲು ಯಾರಿಗೆ ನೆನಪಿರುತ್ತೆ?

ಬಾವಿಕಟ್ಟೆ: ಅದು ಸರಿಯಾದ ಮಾತು. ಬಾವಿಗಳ ಸುತ್ತು ಮೊದಲು, ಫೆನಿ ಆಮೇಲೆ. ಹಗ್ಗ ಹಿಡಿಯುವ ಇಬ್ಬರಂತೂ ಮುಟ್ಟಲೇಬಾರದು. ಇನ್ನೊಂದು, ಬಳಕೆಯಿಲ್ಲದೆ ಮುಚ್ಚಿಟ್ಟಿದ್ದ ಬಾವಿಗೆ ಯಾರೂ ಇಳಿಯಬೇಡಿ. ದೀಪ ಇಳಿಬಿಟ್ಟು ನೋಡಿದೆವು, ಆರಲಿಲ್ಲ ಅಂತ ಧೈರ್ಯ ಮಾಡ್ತಾರೆ. ಆಮ್ಲಜನಕ ಕಡಿಮೆಯಿದ್ದರೆ ದೀಪ ಆರ್ತದೆ ನಿಜ, ಆದರೆ ಎಲ್ಲ ವಿಷಗಾಳಿಯನ್ನೂ ಅದು ಹೇಳುವುದಿಲ್ಲ.

ಸುಗ್ಗಿಕುಣಿತ: ವಾದ್ಯದ ಬಗ್ಗೆ ಯಾರೂ ಬರೆದಿಲ್ಲ. ಅಲ್ಲಿಯ ಘುಮಟ್ ನಮ್ಮ ಉತ್ತರ ಕನ್ನಡದ ಹಾಲಕ್ಕಿಗಳ ಗುಮಟೆಯ ಒಡಹುಟ್ಟು. ಎರಡೂ ಬದಿ ಬಾಯಿರುವ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿಯನ್ನು ಎಡಗೈಯಿಂದ ಮುಚ್ಚಿ ತೆರೆದು ನಾದ ಬದಲಿಸೋದು. 2019ರಲ್ಲಿ ಗೋವಾ ಸರ್ಕಾರ ಅದನ್ನು ರಾಜ್ಯದ ಪರಂಪರೆಯ ವಾದ್ಯ ಎಂದು ಘೋಷಿಸಿತು. "ಅಸಲಿ ಉಡದ ಚರ್ಮದ್ದು" ಅಂತ ಯಾರಾದರೂ ಮಾರಲು ಬಂದರೆ ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಮೇಕೆ ಚರ್ಮದ್ದೇ ತಗೊಳ್ಳಿ. ಮಳೆಯ ತೇವಕ್ಕೆ ಅದು ಸಡಿಲಾಗಿ ಬೊದಬೊದ ಅನ್ನುತ್ತೆ, ಪ್ರತಿ ಸುತ್ತಿನ ನಂತರ ಹುಲ್ಲಿನ ಬೆಂಕಿಯಿಂದ ಒಂದು ಮೊಳ ದೂರ ಹಿಡಿದು ಕಾಯಿಸಬೇಕು. ಹತ್ತಿರ ಹಿಡಿದರೆ ಚರ್ಮ ಸೀಳುತ್ತೆ.

ಕುಂದಾನಗರಿ: ಭಾಳ ಉಪಕಾರ ಆತ್ರಿ. ಸಿಯೋಲಿಂ ದೋಣಿ ಮೆರವಣಿಗೀನೂ ಅವತ್ತ ನೋಡಬಹುದಾ? ಎರಡು ದೋಣಿ ಜೋಡಿಸಿ ನಾಟಕ ಆಡ್ತಾರಂತಲ್ಲ.

ಕಾಳಿಸಂಗಮ: ನೀವು ಹೇಳುವುದು ಸಾಂಗಡ್. ಅದು ಜೂನ್ 29, ಸಂತ ಪೇತ್ರ ಮತ್ತು ಪೌಲರ ಹಬ್ಬಕ್ಕೆ ಮೀನುಗಾರರು ಮಾಡುವುದು. 24ಕ್ಕೆ ಸಿಯೋಲಿಂನಲ್ಲಿ ಅಲಂಕರಿಸಿದ ದೋಣಿಗಳು ಹಾಡುತ್ತಾ ಸಂತ ಯೊವಾನ್ನರ ಚಾಪೆಲ್ ಮುಂದೆ ಬರ್ತವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಹಬ್ಬಗಳೆರಡೂ ಮೀನುಗಾರರಿಗೆ ಬಿಡುವಿನ ಕಾಲದಲ್ಲೇ ಬೀಳ್ತವೆ. ದೋಣಿ ಹತ್ತಿಸಿಕೊಂಡರೆ ಫೋಟೋಕ್ಕಾಗಿ ಎಲ್ಲರೂ ಒಂದೇ ಬದಿಗೆ ಹೋಗಬೇಡಿ. ಬಾಳೆಕಂಬ, ಚಪ್ಪರ ಎಲ್ಲ ಮೇಲೆ ಕಟ್ಟಿರುವುದರಿಂದ ಬೇಗ ಓಲ್ತದೆ. ನನ್ನ ಕೇಳಿದರೆ ದೋಣಿ ಬಿಡಿ, ವಾಡ್ಯಾದವರ ಜೊತೆಗೇ ಇರಿ. ಕರೆದವರನ್ನು ನಡುವೆ ಬಿಟ್ಟು ಹೋಗೋದು ಚೆಂದವಲ್ಲ.

ಗಾಂಧಿಬಜಾರ್: ಒಪ್ಪಲ್ಲ. ಅಷ್ಟು ದೂರ ಹೋಗಿ ಸಿಯೋಲಿಂ ನೋಡದೆ ಬರೋದಾ? ಬೆಳಿಗ್ಗೆ ವಾಡೆ, ಆಮೇಲೆ ದೋಣಿ.

ಬಾವಿಕಟ್ಟೆ: ಎಲ್ಲಿಗೆ ಹೋದರೂ ಹಾರಿದ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ ಹೋಗಿ. ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕ. ಮೂರು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್, ಅಂದರೆ 70 ಗ್ರಾಂ. ನೀರು ಕದಡಿದ್ದರೆ ಅಷ್ಟು ಸಾಲದು, ಮಣ್ಣು ಕೂರುವ ತನಕ ಕಾಯಿರಿ. ಪುಡಿಯನ್ನು ನೇರ ಸುರಿಯಬೇಡಿ. ಬಕೆಟ್‌ನಲ್ಲಿ ಕದಡಿ ಹತ್ತು ನಿಮಿಷ ಬಿಟ್ಟು, ತಳದ ಸುಣ್ಣ ಬಿಟ್ಟು ತಿಳಿನೀರು ಮಾತ್ರ ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಇಳಿಸಿ ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ಕಡಿಮೆಯೆಂದರೆ ಒಂದು ಗಂಟೆ ಯಾರೂ ಸೇದಬಾರದು.