ಅಪ್‌ಡೇಟ್: ಹೊಸ ಬೈಕಿಗೆ ಹೆಚ್ಚುವರಿ ವಾರಂಟಿ ಕೊಂಡೆ

ಹೊಸ ಬೈಕಿಗೆ ಹೆಚ್ಚುವರಿ ವಾರಂಟಿ ಬೇಕೇ ಬೇಡವೇ ಎಂದು ಕಳೆದ ತಿಂಗಳು ಕೇಳಿದ್ದೆ. ‘ದುಡ್ಡು ದಂಡ’ ಎಂದವರೇ ಹೆಚ್ಚು. ಆದರೂ ಕೊಂಡೆ.

ಮನಸ್ಸು ಬದಲಾಗಿದ್ದು ಬೈಕಿನ ಜೊತೆಗೇ ಬರುವ ವಾರಂಟಿಯ ಪುಸ್ತಿಕೆಯ ಒಂದೇ ಸಾಲಿನಿಂದ: 3 ವರ್ಷ ಅಥವಾ 30,000 ಕಿ.ಮೀ., ಯಾವುದು ಮೊದಲೋ ಅದು. ನಾನು ವರ್ಷವನ್ನಷ್ಟೇ ನೋಡಿದ್ದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗಿಬಂದರೆ ಸುಮಾರು 120 ಕಿ.ಮೀ.; 250 ದಿನ ಓಡಿಸಿದರೆ ಒಂದೇ ವರ್ಷಕ್ಕೆ 30,000 ಮುಗಿಯಿತು! ಹಾಗಾಗಿ ಮಿತಿಯನ್ನು 50,000ಕ್ಕೆ ಏರಿಸುವ ಯೋಜನೆಯನ್ನೇ ಕೇಳಿ ಪಡೆದೆ.

ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಚೈನ್ ಸ್ಪ್ರಾಕೆಟ್, ಟೈರು ಯಾವುದೂ ಇದರಲ್ಲಿ ಸೇರುವುದಿಲ್ಲ. ಸವೆಯುವ ಭಾಗಗಳ ಖರ್ಚು ನಮ್ಮದೇ. ನನಗೆ ಬೇಕಿದ್ದುದು ಎಂಜಿನ್ ಮತ್ತು ಇಂಧನ ಇಂಜೆಕ್ಷನ್ (ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಭಾಗಗಳ ರಕ್ಷಣೆ. ಹಳೆಯ ಬೈಕು ಕಳೆದ ಆಷಾಢದ ಮಳೆಯಲ್ಲಿ ಮಂಡಗದ್ದೆ ಹತ್ತಿರ ಒಂದು ಸೆನ್ಸರ್ ಕೆಟ್ಟು ನಿಂತುಬಿಟ್ಟಿತ್ತು. ಕತ್ತಲಲ್ಲಿ ಎರಡು ತಾಸು ತಳ್ಳಿದ್ದೇನೆ, ಅದನ್ನು ಮರೆಯಲಾಗದು.

ಒಂದು ಸರ್ವೀಸ್ ತಪ್ಪಿದರೂ ವಾರಂಟಿ ತಿರಸ್ಕರಿಸಬಹುದು ಎಂದು ಪುಸ್ತಿಕೆಯಲ್ಲೇ ಇದೆ. ಅದಕ್ಕೇ ಮೊದಲ ಸರ್ವೀಸಿನ ಬಿಲ್ಲನ್ನು ಆರ್‌ಸಿ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ.