ಸಹಾಯ ಬೇಕು: ಟ್ಯಾಂಕಿನಲ್ಲಿ ಕ್ಲೋರಿನ್ ಇದೆ, ತುದಿಯ ನಲ್ಲಿಗಳಲ್ಲಿ ಇಲ್ಲ

ಎಲ್ಲರಿಗೂ ನಮಸ್ಕಾರ. 10,000 ಲೀಟರಿನ ಸಾಮೂಹಿಕ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ, ಅಂದರೆ 33% ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಸುಮಾರು 60 ಗ್ರಾಂ ಹಾಕುತ್ತಿದ್ದೇವೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಪೇಸ್ಟಿನಂತೆ ಕಲಸಿ, ನೀರು ತುಂಬಿಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಸುರಿಯುತ್ತೇವೆ. ಅರ್ಧ ಗಂಟೆಯ ನಂತರ ಟ್ಯಾಂಕಿನಲ್ಲಿ ಖರ್ಚಾಗದೆ ಉಳಿದ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಸಿಗುತ್ತದೆ. ತುದಿಯ ನಲ್ಲಿಗಳಲ್ಲಿ ಕನಿಷ್ಠ 0.2 ಇರಬೇಕಿತ್ತು, ಸೊನ್ನೆ ಬರುತ್ತಿದೆ.

ಟ್ಯಾಂಕಿನ ರೀಡಿಂಗ್ ಸರಿಯಿರುವುದರಿಂದ ಪುಡಿ ಸತ್ವ ಕಳೆದುಕೊಂಡಿಲ್ಲ. ಅನುಮಾನ ಪೈಪಿನ ಮೇಲೆ. ಒಳಗೆ ಕಟ್ಟಿದ ಲೋಳೆ, ತುಕ್ಕು ಎರಡೂ ಕ್ಲೋರಿನ್ ತಿಂದುಹಾಕುತ್ತವೆ. ನೀರು ಓಡದೆ ನಿಲ್ಲುವ ಕಡೆ ಇನ್ನೂ ಬೇಗ. ಎಲ್ಲೋ ಕೊಳಚೆ ನುಸುಳುತ್ತಿದ್ದರೂ ಹೀಗೇ ಆಗುತ್ತದೆ, ನಿಜವಾದ ಭಯ ಇದರದ್ದೇ. ಪುಡಿ ಹೆಚ್ಚಿಸಿದರೆ ರೀಡಿಂಗ್ ಬಂದೀತು, ಸೋರಿಕೆ ಮಾತ್ರ ಹಾಗೇ ಉಳಿಯುತ್ತದೆ. ಸದ್ಯಕ್ಕೆ ಆ ನಲ್ಲಿಗಳ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ ಎಂದು ಮನೆಮನೆಗೂ ಹೇಳಿದ್ದೇವೆ.

ಯಾರ ಬಳಿಯಾದರೂ ಫ್ರೀ ಕ್ಲೋರಿನ್ ಅನ್ನು ಬೇರೆಯಾಗಿ ಅಳೆಯುವ ಡಿಪಿಡಿ ಕಿಟ್ ಇದ್ದರೆ ಒಂದು ದಿನದ ಮಟ್ಟಿಗೆ ಕೊಡಿ. ನಮ್ಮ ಹಳದಿ ಬಣ್ಣ ಬರುವ ಒಟಿಒ ದ್ರಾವಣ ಒಟ್ಟು ಕ್ಲೋರಿನ್ ತೋರಿಸುತ್ತದೆ; ಅದರಲ್ಲಿ ರೋಗಾಣು ಕೊಲ್ಲುವ ಫ್ರೀ ಕ್ಲೋರಿನ್ ಎಷ್ಟೆಂದು ನಂಬಿ ಹೇಳಲಾಗದು.

ಸೋರಿಕೆ ಹುಡುಕಿ ಮುಚ್ಚಿದ ಮೇಲೆ 1.5 ಕೆಜಿ ಪುಡಿಯಿಂದ ಲೀಟರಿಗೆ 50 ಮಿಲಿಗ್ರಾಂ ಮಾಡಿ, ಪೈಪುಗಳಲ್ಲಿ ರಾತ್ರಿಯಿಡೀ ನಿಲ್ಲಿಸಿ, ಆಮೇಲೆ ಪೂರ್ತಿ ಹರಿಯಬಿಡುವ ಯೋಚನೆಯಿದೆ. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ಇದನ್ನು ಮಾಡಿದವರಿದ್ದರೆ ಹೇಳಿ: ಸಡಿಲಗೊಂಡ ತುಕ್ಕು ವಾಲ್ವುಗಳಲ್ಲಿ ಸಿಕ್ಕಿಕೊಳ್ಳದಂತೆ ಏನು ಮಾಡಿದಿರಿ?