ಹೈಡ್ರೋಜನ್ ಪಂಪಿನ ವೀಡಿಯೊ: ಮನೆ ಗ್ರೂಪಿನಲ್ಲಿ ಚರ್ಚೆ

ಶಂಕರ ಮಾವ (ಪೆರ್ಲ): ವೀಡಿಯೊ ನೋಡಿ ಎಲ್ಲರೂ. ಅಂಗೈಯಷ್ಟು ರೋಟರಿ ಎಂಜಿನ್ (ಪಿಸ್ಟನ್ ಬದಲು ರೋಟರು ತಿರುಗುವಂಥದ್ದು), ಹೈಡ್ರೋಜನ್‌ನಲ್ಲಿ ಓಡುತ್ತದೆ. ಗ್ಯಾಸು ನೀರಿನಿಂದಲೇ ಮಾಡಬಹುದಂತೆ. ಅಡಕೆಗೆ ಮದ್ದು ಬಿಡುವ ಪಂಪಿಗೆ ಇದನ್ನು ಕೂರಿಸಿದರೆ ಪೆಟ್ರೋಲಿನ ಖರ್ಚೇ ಇಲ್ಲ.

ಗಣೇಶ ಭಾವ: ಮಾವ, ಇಂಥದ್ದೆಲ್ಲ ಸುಳ್ಳು. ಸುಮ್ನೆ ಫಾರ್ವರ್ಡ್ ಮಾಡಬೇಡಿ 😀

ರವಿ: ಎಂಜಿನ್ ಸುಳ್ಳಲ್ಲ ಭಾವ. ಮಜ್ದಾ ಕಾರು ಕಂಪೆನಿಯವರು 2006ರಲ್ಲಿ ಜಪಾನಿನಲ್ಲಿ ಇಂಥ ಆರ್‌ಎಕ್ಸ್-8 ಕಾರನ್ನು ಲೀಸಿಗೆ ಕೊಟ್ಟಿದ್ದರು. ಹೈಡ್ರೋಜನ್‌ಗೆ ರೋಟರಿ ಚೆನ್ನಾಗಿ ಒಗ್ಗುತ್ತದೆ. ಮಾಮೂಲಿ ಎಂಜಿನ್‌ನಲ್ಲಿ ಗಾಳಿ ಎಳೆಯುವುದೂ ಉರಿಯುವುದೂ ಒಂದೇ ಸಿಲಿಂಡರಿನಲ್ಲಿ. ಕಾದ ವಾಲ್ವ್ ತಾಗಿ ಹೈಡ್ರೋಜನ್ ಹೊತ್ತಿಗೆ ಮೊದಲೇ ಹತ್ತಿಕೊಳ್ಳುತ್ತದೆ. ರೋಟರಿಯಲ್ಲಿ ಎಳೆಯುವ ಜಾಗ ಬೇರೆ, ಉರಿಯುವ ಜಾಗ ಬೇರೆ.

ಶಂಕರ ಮಾವ: ಕೇಳಿದೆಯಾ ಗಣೇಶ?

ರವಿ: ಮಾವ, ಪೂರ್ತಿ ಕೇಳಿ. ಆ ಕಾರು ಪೆಟ್ರೋಲಿನಲ್ಲಿ 210 ಪಿಎಸ್ (ಹೆಚ್ಚುಕಮ್ಮಿ ಎಚ್‌ಪಿಯಷ್ಟೇ) ಶಕ್ತಿ ಕೊಡುತ್ತಿತ್ತು, ಹೈಡ್ರೋಜನ್‌ನಲ್ಲಿ 109. ಟ್ಯಾಂಕು 110 ಲೀಟರಿನದ್ದು, 350 ಬಾರ್ ಒತ್ತಡದಲ್ಲಿ ತುಂಬಿಸಬೇಕು. ಅಷ್ಟು ತುಂಬಿಸಿದರೂ 100 ಕಿಲೋಮೀಟರೇ.

ಶ್ಯಾಮಲತ್ತೆ: ಅಡುಗೆ ಗ್ಯಾಸಿನ ಸಿಲಿಂಡರಿನಲ್ಲಿ ತುಂಬಿಸಲಿಕ್ಕೆ ಆಗುವುದಿಲ್ವಾ?

ರವಿ: ಇಲ್ಲ ಅತ್ತೆ. ಅಡುಗೆ ಗ್ಯಾಸನ್ನು ಸ್ವಲ್ಪ ಒತ್ತಿದರೆ ಸಾಕು, ದ್ರವ ಆಗುತ್ತದೆ. ಹೈಡ್ರೋಜನ್ ದ್ರವ ಆಗಬೇಕಾದರೆ ಮೈನಸ್ 253 ಡಿಗ್ರಿಯಷ್ಟು ತಂಪು ಮಾಡಬೇಕು. ಒತ್ತದೆ ಹಾಗೇ ಇಟ್ಟರೆ, 1 ಲೀಟರ್ ಪೆಟ್ರೋಲಿನ ಕೆಲಸಕ್ಕೆ ಸುಮಾರು 3000 ಲೀಟರ್ ಗ್ಯಾಸು ಬೇಕು. ಬೆನ್ನಿಗೆ ಕಟ್ಟಿಕೊಂಡು ತೋಟದಲ್ಲಿ ನಡೆಯುವವರು ಯಾರು?

ಶಂಕರ ಮಾವ: ಆಗ ಬೇಕಾದಷ್ಟೇ ಮಾಡಿಕೊಂಡರಾಯಿತು. ಗುಡ್ಡ ಕೊರೆದ ನಮ್ಮ ಸುರಂಗದ ನೀರು ಬೇಸಿಗೆಯಲ್ಲೂ ಬತ್ತುವುದಿಲ್ಲ.

ರವಿ: ನೀರಿಗೆ ಕೊರತೆಯಿಲ್ಲ ಮಾವ, ನೀರಿನಿಂದ ಹೈಡ್ರೋಜನ್ ಬಿಡಿಸಲು ಬೇಕಾದ ಕರೆಂಟಿನದ್ದೇ ಲೆಕ್ಕ. 1 ಕಿಲೋ ಹೈಡ್ರೋಜನ್ ಮಾಡಲು 50 ಯೂನಿಟ್‌ಗಿಂತ ಜಾಸ್ತಿ ಬೇಕು. 1 ಲೀಟರ್ ಪೆಟ್ರೋಲಿಗೆ ಸಮ ಬರುವಷ್ಟು ಮಾಡಲು ಸುಮಾರು 14 ಯೂನಿಟ್. ಅದೇ 14 ಯೂನಿಟ್ಟಿನಲ್ಲಿ 1 ಎಚ್‌ಪಿ ಮೋಟಾರು 10 ಗಂಟೆಗೂ ಮೇಲೆ ತಿರುಗುತ್ತದೆ.

ಗಣೇಶ ಭಾವ: ಕೇರಳದ ಕೆಎಸ್‌ಇಬಿ ಕರೆಂಟು ಬಿಲ್ಲು ಬಂದಾಗ ಮಾವನೇ ಗ್ರೂಪಿಗೆ ಹಾಕುತ್ತಾರೆ.

ಶಂಕರ ಮಾವ: ಮೋಟಾರು ಅಂತೆ! ಗುಡ್ಡದ ಬದಿಯ ತೋಟಕ್ಕೆ ವಯರು ಎಳೆಯುವವರು ಯಾರು? ಜೂನಿನ ಗಾಳಿಮಳೆಗೆ ಇಲ್ಲಿ ಕರೆಂಟು ಇರುತ್ತದಾ? ಮಂಗಳೂರಲ್ಲಿ ಕೂತು ಲೆಕ್ಕ ಹೇಳುವುದು ಸುಲಭ.

ರವಿ: ಆ ಮಾತು ಒಪ್ಪಿದೆ. ಅಲ್ಲಿಗೆ ಪೆಟ್ರೋಲ್ ಪಂಪೇ ಸರಿ. ಆದರೆ ಕರೆಂಟು ಇಲ್ಲದಾಗ ಹೈಡ್ರೋಜನ್ನೂ ಆಗುವುದಿಲ್ಲ ಅಲ್ವಾ? ಮತ್ತೆ, ಹೊಗೆಯೇ ಇಲ್ಲ ಅಂತ ವೀಡಿಯೊದಲ್ಲಿ ಹೇಳಿದ್ದೂ ಪೂರ್ತಿ ಸರಿಯಲ್ಲ. ರೋಟರಿಯ ಸೀಲಿಗೆ ಆಯಿಲ್ ಬೇಕು, ಅದು ಸ್ವಲ್ಪ ಉರಿಯುತ್ತದೆ.

ಶ್ಯಾಮಲತ್ತೆ: ಇಷ್ಟು ಹೊತ್ತಿನಲ್ಲಿ ಒಂದು ಸಾಲು ಮರಕ್ಕೆ ಮದ್ದು ಬಿಟ್ಟು ಆಗುತ್ತಿತ್ತು.

ಶಂಕರ ಮಾವ: ವೀಡಿಯೊ ಡಿಲೀಟ್ ಮಾಡುವುದಿಲ್ಲ. ರೋಟರು ತಿರುಗುವುದನ್ನು ನೋಡಲಿಕ್ಕೆ ಚಂದ ಉಂಟು.